ಮಾತ್ರೆಗೊಂದು ಕೆಲಸ, ಮಾತಿಗೊಂದು ಕೆಲಸ

ಮಧ್ಯ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದಲ್ಲಿ ಬಹಳ ವರ್ಷಗಳಿಂದ ಮನೋವೈದ್ಯನಾಗಿದ್ದೇನೆ. ನನ್ನ ಬಳಿ ಬರುವವರಲ್ಲಿ ಎರಡು ಪಂಗಡ. "ಡಾಕ್ಟ್ರೇ, ಮಾತ್ರೆ ಒಂದು ಬೇಡ, ಕೌನ್ಸೆಲಿಂಗ್ ಏನಾದ್ರೂ ಇದ್ರೆ ಮಾಡಿ" ಎನ್ನುವವರು ಒಂದು. "ಮಾತಾಡಿದ್ರೆ ಏನಾಗತ್ತೆ ಸರ್, ಪವರ್ ಇರೋ ಮಾತ್ರೆ ಬರ್ಕೊಡಿ, ಬಸ್ಸಿಗೆ ಹೊತ್ತಾಯ್ತು" ಎನ್ನುವವರು ಇನ್ನೊಂದು. ಮೊದಲಿನವರು ಅಡ್ಡಪರಿಣಾಮಗಳ ಪಟ್ಟಿಯನ್ನು ಮೊಬೈಲಿನಲ್ಲಿ ಓದಿಕೊಂಡು ಬಂದವರು. ಎರಡನೆಯವರು ಒಂದು ದಿನದ ಕೂಲಿ ಬಿಟ್ಟು ಬಂದವರು. ಇಬ್ಬರ ಮಾತಿನಲ್ಲೂ ಸ್ವಲ್ಪ ನ್ಯಾಯವಿದೆ.

ಇವರಿಬ್ಬರಿಗೂ ವೈದ್ಯರು ಹೇಳುವ ಸಿದ್ಧ ಉತ್ತರ ಒಂದೇ: "ಎರಡೂ ಇರಲಿ." ಕೇಳಲು ಚೆನ್ನಾಗಿದೆ, ಆದರೆ ಅಷ್ಟಕ್ಕೇ ಅದು ಚಿಕಿತ್ಸೆಯಾಗುವುದಿಲ್ಲ. ಯಾರಿಗೆ, ಯಾವುದು ಮೊದಲು, ಯಾವ ಕೆಲಸಕ್ಕೆ, ಎಷ್ಟು ದಿನ ಎಂದು ಹೇಳಲು ಬಂದರೆ ಮಾತ್ರ ಔಷಧಿಯೂ ಮಾತಿನ ಚಿಕಿತ್ಸೆಯೂ ಒಂದಕ್ಕೊಂದು ಹೆಗಲು ಕೊಡುತ್ತವೆ. ಇಲ್ಲದಿದ್ದರೆ ಒಂದು ಇನ್ನೊಂದರ ಕಾಲೆಳೆಯುವುದೂ ಉಂಟು. ಈ ಕೆಲಸ ನನಗೆ ಕಲಿಸಿದ್ದನ್ನು ಕೆಳಗೆ ಬರೆದಿದ್ದೇನೆ. ರೋಗಿಗಳ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

1. ಎಲ್ಲರಿಗೂ ಎರಡೂ ಬೇಕಿಲ್ಲ

ಸೌಮ್ಯ ಖಿನ್ನತೆಗೆ ಮೊದಲ ದಿನವೇ ಮಾತ್ರೆ ಬರೆಯುವ ಅವಸರವಿಲ್ಲ. ಮಾತಿನ ಚಿಕಿತ್ಸೆ, ದಿನಚರಿಯಲ್ಲಿ ಒಂದಿಷ್ಟು ಬದಲಾವಣೆ, ಎರಡು ವಾರ ಬಿಟ್ಟು ಮತ್ತೊಮ್ಮೆ ನೋಡುವುದು, ಇಷ್ಟರಲ್ಲೇ ಹಲವರು ಚೇತರಿಸಿಕೊಳ್ಳುತ್ತಾರೆ. ನಾಯಿ, ಎತ್ತರ, ಇಂಜೆಕ್ಷನ್ ಇಂಥ ಯಾವುದೋ ಒಂದರ ಭಯಕ್ಕೆ ಮಾತ್ರೆಯಿಂದ ಆಗುವುದು ಬಹಳ ಕಡಿಮೆ. ಹೆದರುವುದಕ್ಕೆ ಹಂತ ಹಂತವಾಗಿ ಎದುರಾಗುವ ಅಭ್ಯಾಸವೇ ಅದಕ್ಕೆ ಮದ್ದು.

ಉನ್ಮಾದ ಏರಿ, ರಾತ್ರಿಯೆಲ್ಲ ಎದ್ದಿದ್ದು, ಇರುವ ಹೊಲ ಮಾರಿ ಸಿನಿಮಾ ತೆಗೆಯುತ್ತೇನೆಂದು ಹೊರಟವನಿಗೆ, ಯಾರೂ ಇಲ್ಲದಾಗಲೂ ಕಿವಿಯಲ್ಲಿ ದನಿ ಕೇಳಿ ಬಾಗಿಲು ಹಾಕಿಕೊಂಡು ಕೂತವರಿಗೆ ಮೊದಲು ಬೇಕಾದದ್ದು ಔಷಧಿ. ಮಾತು ಆಮೇಲೆ ಬರುತ್ತದೆ, ಬರಲೇಬೇಕು. ಇವೆರಡರ ನಡುವೆ ದೊಡ್ಡ ಹರವು ಉಳಿಯುತ್ತದೆ: ಮಧ್ಯಮ ಮತ್ತು ತೀವ್ರ ಖಿನ್ನತೆ, ವರ್ಷಗಟ್ಟಲೆ ಎಳೆಯುವ ಖಿನ್ನತೆ, ಗೀಳು, ಮರುಕಳಿಸುವ ಆತಂಕ. ಜೋಡಿ ಚಿಕಿತ್ಸೆಯ ಲಾಭ ನಿಚ್ಚಳವಾಗಿ ಕಾಣುವುದು ಇಲ್ಲೇ.

ಜೋಡಿಯ ಮಾತೆತ್ತುವ ಮುಂಚೆ ಎರಡು ಕೆಲಸ ಮುಗಿದಿರಬೇಕು. ಒಂದು, ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ನೋಡುವುದು, ಕುಡಿತದ ಬಗ್ಗೆ ನೇರವಾಗಿ ಕೇಳುವುದು. ಇನ್ನೊಂದು, ಖಿನ್ನತೆಯಿಂದ ಬಂದ ಪ್ರತಿಯೊಬ್ಬರ ಮನೆಯವರನ್ನೂ ಹೀಗೆ ವಿಚಾರಿಸುವುದು: "ಹಿಂದೆ ಯಾವಾಗಲಾದ್ರೂ ನಿದ್ದೆ ಇಲ್ದೆ, ಸುಸ್ತೂ ಇಲ್ದೆ, ಕೈಯಲ್ಲಿ ದುಡ್ಡು ನಿಲ್ದೆ, ಬಾಯಲ್ಲಿ ಮಾತು ನಿಲ್ದೆ ಒಂದು ವಾರ ಕಳೆದದ್ದುಂಟಾ?" ಉಂಟು ಎಂದರೆ ಅದು ಖಿನ್ನತೆ, ಉನ್ಮಾದ ಎರಡೂ ಬಂದುಹೋಗುವ ಬೈಪೋಲಾರ್ ಕಾಯಿಲೆ ಇರಬಹುದು. ಅಂಥವರಿಗೆ ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಉನ್ಮಾದ ಕೆರಳುವ ಅಪಾಯವಿದೆ.

2. ಚೀಟಿಯಲ್ಲಿ ಕೆಲಸವನ್ನೂ ಬರೆಯಿರಿ

ನಮ್ಮ ಒಪಿಡಿ ಚೀಟಿಯಲ್ಲಿ ಮಾತ್ರೆಯ ಹೆಸರು, ಪ್ರಮಾಣ, ಎಷ್ಟು ದಿನ ಎಂದು ಬರೆಯಲು ಜಾಗವಿದೆ. ಏತಕ್ಕೆ ಎಂದು ಬರೆಯಲು ಜಾಗವಿಲ್ಲ. ಅದನ್ನು ಬರೆಯುವುದಕ್ಕೆ ನಾನು ಚೀಟಿಯ ಹಿಂಬದಿಯಲ್ಲಿ ಗೆರೆ ಎಳೆದು ಎರಡು ಭಾಗ ಮಾಡುತ್ತೇನೆ. ಹೊಲಿಗೆ ಬಿಟ್ಟು ಮಲಗಿದ್ದ ಒಬ್ಬ ಟೈಲರಮ್ಮನ ಚೀಟಿಯ ಎಡಗಡೆ ಹೀಗಿತ್ತು: "ಎಸಿಟಾಲೋಪ್ರಾಮ್ 10 ಮಿ.ಗ್ರಾಂ. ಬೆಳಗಿನ ಜಾವ 3ಕ್ಕೆ ಎಚ್ಚರ, ಊಟ ಸೇರದಿರುವುದು, ಸುಮ್ಮನೆ ಅಳು. 4 ವಾರಕ್ಕೆ ನೋಡುವುದು." ಬಲಗಡೆ: "ಮಾತು. ಓರಗಿತ್ತಿ ಜೊತೆ ಮಾತು ಬಿಟ್ಟದ್ದು, ಮಿಷನ್ ಮುಂದೆ ಕೂರಲು ಹೆದರಿಕೆ. 6ನೇ ಭೇಟಿಗೆ ನೋಡುವುದು."

ಹೀಗೆ ಬರೆದರೆ ರೋಗಿಯ ನಿರೀಕ್ಷೆ ಹದಕ್ಕೆ ಬರುತ್ತದೆ. ಖಿನ್ನತೆಯ ಮಾತ್ರೆ ಸಾಲ ತೀರಿಸುವುದಿಲ್ಲ, ಗಂಡನ ಕುಡಿತ ಬಿಡಿಸುವುದಿಲ್ಲ ಎಂದು ಅವರಿಗೇ ಹೊಳೆಯುತ್ತದೆ. ಬೆಳಗಿನ ಜಾವದ ಆ ಎಚ್ಚರವನ್ನು ಉಪದೇಶದಿಂದ ಓಡಿಸಲಾಗದು ಎಂದು ಮನೆಯವರಿಗೂ ಹೊಳೆಯುತ್ತದೆ. ವೈದ್ಯನಿಗೂ ಇದರಿಂದ ಒಂದು ಕಟ್ಟು ಬೀಳುತ್ತದೆ. ನಾಲ್ಕು ವಾರಕ್ಕೆ ನೋಡುತ್ತೇನೆಂದು ಬರೆದ ಮೇಲೆ ನೋಡಲೇಬೇಕು. ಪಿಎಚ್‌ಕ್ಯು-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿಯನ್ನು ಪ್ರತಿ ಭೇಟಿಯಲ್ಲೂ ಕೇಳಲು ಐದು ನಿಮಿಷ ಸಾಕು. "ಪರವಾಗಿಲ್ಲ ಸರ್" ಎಂಬ ಉತ್ತರದ ಹಿಂದೆ ಅಡಗಿದ್ದೆಲ್ಲ ಅದರಲ್ಲಿ ಹೊರಬರುತ್ತದೆ.

3. ಯಾವುದು ಮೊದಲು ಎಂಬುದು ಚಿಕಿತ್ಸೆಯ ಅರ್ಧ

ಹಾಸಿಗೆಯಿಂದ ಏಳಲಾಗದವರಿಗೆ ನೋಟ್‌ಬುಕ್ ಕೊಟ್ಟು ಮನಸ್ಸಿಗೆ ಬರುವ ಯೋಚನೆಗಳನ್ನೆಲ್ಲ ಬರೆದುಕೊಂಡು ಬನ್ನಿ ಎಂದರೆ ಅವರು ಬರೆಯುವುದಿಲ್ಲ. ಮುಂದಿನ ಸಲ ಅದನ್ನೇ ತಮ್ಮ ಇನ್ನೊಂದು ಸೋಲೆಂದು ಲೆಕ್ಕ ಹಾಕುತ್ತಾರೆ. ತೀವ್ರ ಖಿನ್ನತೆಯಲ್ಲಿ ಗಮನ, ನೆನಪು ಎರಡೂ ಕುಗ್ಗಿರುತ್ತವೆ. ಯೋಚನೆಯನ್ನು ಯೋಚನೆಯಿಂದ ತಿದ್ದುವ ಚಿಕಿತ್ಸೆಗೆ ಆಗಿನ್ನೂ ಹೊತ್ತಾಗಿರುವುದಿಲ್ಲ.

ಹಾಗೆಂದು ಮಾತ್ರೆ ಹಿಡಿಯುವ ತನಕ ಸುಮ್ಮನೆ ಕೂರಬೇಕಾಗಿಲ್ಲ. ಆ ಮೊದಲ ವಾರಗಳಿಗೆ ಹೊಂದುವುದು ಸಣ್ಣ ಕೆಲಸಗಳ ಚಿಕಿತ್ಸೆ: ಎದ್ದು ಮುಖ ತೊಳೆದು ಹೊಸ್ತಿಲಿಗೆ ರಂಗೋಲಿ ಎಳೆ ಹಾಕುವುದು, ಸಂಜೆ ಬೀದಿಯ ತುದಿಯ ತನಕ ಹೋಗಿ ಬರುವುದು, ತಂಗಿಗೆ ಒಂದು ಫೋನ್. ಮನಸ್ಸು ಬಂದ ಮೇಲೆ ಮಾಡುತ್ತೇನೆ ಎನ್ನುವವರಿಗೆ, ಮಾಡುತ್ತ ಹೋದರೆ ಮನಸ್ಸು ಹಿಂದಿನಿಂದ ಬರುತ್ತದೆ ಎಂದು ಮೈಯಿಂದಲೇ ಕಲಿಸುವ ವಿಧಾನ ಇದು. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಇದನ್ನು ಒರೆಗೆ ಹಚ್ಚಿದರು. 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಆ ಅಧ್ಯಯನದಲ್ಲಿ ಆಪ್ತಸಮಾಲೋಚನೆ ನಡೆಸಿದವರು ಮನೋವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಮೂರು ತಿಂಗಳ ಕೊನೆಗೆ ಖಿನ್ನತೆ ಇಳಿದವರು ಆ ಗುಂಪಿನಲ್ಲಿ 64%, ಬರೀ ಸುಧಾರಿತ ಮಾಮೂಲು ಚಿಕಿತ್ಸೆ ಪಡೆದವರಲ್ಲಿ 39%.

ಈ ಹಂತದಲ್ಲಿ ಒಂದು ಎಚ್ಚರ ಬೇಕು. ಮಾತ್ರೆ ಶುರುವಾದ ಮೊದಲ ವಾರಗಳಲ್ಲಿ ಮೈಗೆ ಶಕ್ತಿ ಬಂದು ಮನಸ್ಸಿಗೆ ಇನ್ನೂ ಆಸೆ ಬಂದಿರುವುದಿಲ್ಲ. 25ರೊಳಗಿನವರಲ್ಲಿ ಸಾಯುವ ಯೋಚನೆ ಹೆಚ್ಚಾಗುವ ಸಾಧ್ಯತೆಯೂ ಇದೆ. ಆಗ ಭೇಟಿಗಳು ಹತ್ತಿರ ಹತ್ತಿರ ಇರಬೇಕು, ಮಾತ್ರೆಗಳ ಜವಾಬ್ದಾರಿ ಮನೆಯವರ ಕೈಯಲ್ಲಿರಬೇಕು. ರೈತರ ಮನೆಯಾದರೆ ಹೊಲಕ್ಕೆ ಹೊಡೆಯುವ ಔಷಧಿಯನ್ನು ಬೀಗದಲ್ಲಿಡಲು ಅಥವಾ ಮನೆಯಿಂದಲೇ ಸಾಗಿಸಲು ಹೇಳದೆ ಚೀಟಿ ಕೈಗೆ ಕೊಡಬಾರದು.

4. ಜೇಬಿನ ಮಾತ್ರೆ ಧೈರ್ಯವನ್ನು ಕದಿಯುತ್ತದೆ

ಎರಡು ಚಿಕಿತ್ಸೆ ಒಂದರ ಕಾಲನ್ನೊಂದು ಎಳೆಯುವುದು ಹೇಗೆಂದು ನೋಡಬೇಕಾದರೆ ಪ್ಯಾನಿಕ್ ಕಾಯಿಲೆಯನ್ನು ನೋಡಬೇಕು. ಎದೆ ಡವಡವ, ಕೈ ಬೆವರು, ಈಗ ಸತ್ತೇ ಹೋಗುತ್ತೇನೆ ಎಂಬ ಭಯ. ಇಸಿಜಿ, ಎಕೋ ಎಲ್ಲ ಮಾಡಿಸಿ ಏನೂ ಇಲ್ಲ ಎನ್ನಿಸಿಕೊಂಡು ಬಂದ ಕಿರಾಣಿ ಅಂಗಡಿಯವರೊಬ್ಬರು ಎರಡು ವರ್ಷದಿಂದ ಬಸ್ ಹತ್ತಿರಲಿಲ್ಲ. ಅವರ ಅಂಗಿಯ ಜೇಬಿನಲ್ಲಿ ಅಲ್ಪ್ರಜೋಲಾಮ್ ಸ್ಟ್ರಿಪ್ಪು. ಅಂಚೆಲ್ಲ ಸವೆದು, ಹಾಳೆಯ ಮೇಲಿನ ಅಕ್ಷರ ಅಳಿಸಿಹೋಗಿತ್ತು. ಒಳಗಿದ್ದ ಎರಡು ಮಾತ್ರೆಗಳ ಅವಧಿ ಮುಗಿದು ಎಷ್ಟೋ ಕಾಲವಾಗಿತ್ತು. "ತಗೊಳೋದಿಲ್ಲ ಸರ್, ಇದ್ರೆ ಧೈರ್ಯ" ಎಂದರು.

ಇದ್ದರೆ ಧೈರ್ಯ ಎನ್ನುವುದೇ ಇಲ್ಲಿನ ತೊಡಕು. ಪ್ಯಾನಿಕ್‌ನ ಚಿಕಿತ್ಸೆ ಕಲಿಸಬೇಕಾದದ್ದು ಒಂದೇ ಪಾಠ: ಈ ಡವಡವ ಏರುತ್ತದೆ, ತಾನಾಗಿಯೇ ಇಳಿಯುತ್ತದೆ, ಜೀವಕ್ಕೇನೂ ಆಗುವುದಿಲ್ಲ. ಏರುವ ಮೊದಲೇ ಮಾತ್ರೆ ನುಂಗಿದರೆ ಆ ಪಾಠ ಮೈಗೆ ಹತ್ತುವುದಿಲ್ಲ. ಬಸ್ಸಿನಲ್ಲಿ ಹೋಗಿ ಬಂದ ಶ್ರೇಯಸ್ಸೆಲ್ಲ ಮಾತ್ರೆಗೆ ಸಲ್ಲುತ್ತದೆ. 2000ದಲ್ಲಿ ಡೇವಿಡ್ ಬಾರ್ಲೋ ಮತ್ತು ಸಂಗಡಿಗರು ಅಮೆರಿಕದಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ ಬಳಸಿದ್ದು ಇಮಿಪ್ರಮಿನ್ ಎಂಬ ಬೇರೆಯೇ ಬಗೆಯ ಮಾತ್ರೆ. ಅಲ್ಲೂ, ಎಲ್ಲ ಚಿಕಿತ್ಸೆ ನಿಲ್ಲಿಸಿದ ಮೇಲೆ ಮಾತ್ರೆ ಸೇರಿಸಿ ಥೆರಪಿ ಪಡೆದವರಿಗಿಂತ ಮಾತ್ರೆ ಸೇರಿಸದೆ ಥೆರಪಿ ಪಡೆದವರಲ್ಲೇ ಗುಣ ಹೆಚ್ಚು ನಿಂತಿತು.

ಆದ್ದರಿಂದ ಪ್ಯಾನಿಕ್‌ಗೆ ಮಾತ್ರೆ ಬೇಕೇ ಬೇಕು ಅನ್ನಿಸಿದಾಗ ದಿನಾ ಒಂದೇ ಹೊತ್ತಿಗೆ ತೆಗೆದುಕೊಳ್ಳುವ ಸರ್ಟ್ರಲಿನ್‌ನಂಥದ್ದನ್ನು ಆರಿಸುತ್ತೇನೆ. ಅದನ್ನು ಭಯ ಬಂದಾಗ ನುಂಗಿ ಉಪಯೋಗವಿಲ್ಲ, ಹಾಗಾಗಿ ಭಯಕ್ಕೂ ಮಾತ್ರೆಗೂ ನಂಟು ಬೆಳೆಯುವುದಿಲ್ಲ. ತಕ್ಷಣ ಶಮನ ಕೊಡುವ ಅಲ್ಪ್ರಜೋಲಾಮ್, ಕ್ಲೋನಜೆಪಾಮ್ ಬರೆದರೆ ಕೆಲವೇ ವಾರಕ್ಕೆ ಬರೆದು, ನಿಲ್ಲಿಸುವ ತಾರೀಖನ್ನೂ ಅದೇ ಚೀಟಿಯಲ್ಲಿ ಹಾಕುತ್ತೇನೆ. ತಿಂಗಳುಗಟ್ಟಲೆ ದಿನಾ ತೆಗೆದುಕೊಂಡವರು ತಾವಾಗಿ ಒಮ್ಮೆಲೇ ಬಿಡಬಾರದು. ಫಿಟ್ಸ್ ಬರುವ ಅಪಾಯವಿದೆ, ವೈದ್ಯರ ಜೊತೆ ನಿಧಾನವಾಗಿ ಇಳಿಸಬೇಕು. ಅಂಗಡಿಯವರು ಮೊದಲು ನಿಂತ ಬಸ್ಸಿನೊಳಗೆ ಕೂತು ಇಳಿದರು, ಆಮೇಲೆ ಒಂದು ಸ್ಟಾಪು, ಆಮೇಲೆ ಪಕ್ಕದ ತಾಲ್ಲೂಕು. ಸ್ಟ್ರಿಪ್ಪನ್ನು ಮನೆಯಲ್ಲಿ ಬಿಟ್ಟು ಹೋಗುವುದು ಕೊನೆಯ ಮೆಟ್ಟಿಲಾಗಿತ್ತು.

5. ಗೀಳಿನಲ್ಲಿ ಜೋಡಿಯ ಲೆಕ್ಕ ಪಕ್ಕಾ

ಗೀಳು ಕಾಯಿಲೆ ನಮ್ಮ ಕಡೆ ಎಷ್ಟೋ ಸಲ ಮಡಿಯ ಹೆಸರಿನಲ್ಲೇ ಮನೆ ಹೊಗುತ್ತದೆ. ಎರಡನ್ನೂ ಬೇರೆ ಮಾಡುವುದು ಅಂಥ ಕಷ್ಟವಲ್ಲ. ಮಡಿ ಮಾಡುವ ಅಜ್ಜಿಗೆ ಒಂದು ಕ್ರಮವಿದೆ, ಅದು ಮುಗಿದ ಮೇಲೆ ಸಮಾಧಾನವಿದೆ. ಗೀಳು ಹತ್ತಿದವರಿಗೆ ಮುಗಿಯಿತು ಅನ್ನಿಸುವುದೇ ಇಲ್ಲ.

ಒಬ್ಬ ಗೃಹಿಣಿ ಮಧ್ಯಾಹ್ನದೊಳಗೆ ಮೇಲಿನ ಟ್ಯಾಂಕು ಖಾಲಿ ಮಾಡುತ್ತಿದ್ದರು. ನಲ್ಲಿ ತಿರುಗಿಸುವ ಮುಂಚೆ ನಲ್ಲಿ ತೊಳೆಯುವುದು, ತೊಳೆದ ಕೈ ತಾಗಿತೆಂದು ಮತ್ತೆ ಕೈ ತೊಳೆಯುವುದು. ಶಾಲೆಯಿಂದ ಬಂದ ಮಗ ಜಗಲಿಯಲ್ಲೇ ಬಟ್ಟೆ ಬಿಚ್ಚಿ ಬಚ್ಚಲಿಗೆ ಓಡಬೇಕು. ಗಂಡ ಬ್ಯಾಂಕಿನಿಂದ ಬಂದರೆ ನೋಟಿನ ಕೈ ಎಂದು ಎರಡು ಸಲ ಸ್ನಾನ. ಗೀಳಿಗೆ ಔಷಧಿಯ ಪ್ರಮಾಣ ಖಿನ್ನತೆಗಿಂತ ಹೆಚ್ಚು ಬೇಕಾಗುತ್ತದೆ, ಕಾಯುವ ಕಾಲವೂ ಹೆಚ್ಚು. ಅವರಿಗೆ ಫ್ಲುಯೊಕ್ಸೆಟಿನ್ 20ರಿಂದ ಶುರು ಮಾಡಿ ಮೆಟ್ಟಿಲು ಮೆಟ್ಟಿಲಾಗಿ 60 ಮಿ.ಗ್ರಾಂ.ಗೆ ಏರಿಸಿದೆವು. ಎಂಟರಿಂದ ಹನ್ನೆರಡು ವಾರ ನೋಡದೆ ಫಲ ಇಲ್ಲ ಎನ್ನುವಂತಿಲ್ಲ ಎಂದು ಮೊದಲೇ ಹೇಳಿದ್ದೆವು. ಅಷ್ಟರಲ್ಲಿ ನಮ್ಮ ಮನಶ್ಶಾಸ್ತ್ರಜ್ಞೆ ಅವರ ಜೊತೆ ಕೂತು ಭಯಗಳ ಪಟ್ಟಿ ಮಾಡಿ, ನೂರಕ್ಕೆ ಎಷ್ಟೆಂದು ಅಂಕ ಹಾಕಿಸಿದರು. ಬಾಗಿಲ ಚಿಲಕ 30, ಹಳೆ ನೋಟು 45, ಚಪ್ಪಲಿ 70, ಕಸದ ಬುಟ್ಟಿ 90.

ನೋಟಿನ ದಿನ ನಾನೂ ಕೋಣೆಯಲ್ಲಿದ್ದೆ. ಮಾಸಿದ ಹತ್ತು ರೂಪಾಯಿ ನೋಟನ್ನು ಎರಡೂ ಅಂಗೈ ನಡುವೆ ಹಿಡಿದು ಕೂರಬೇಕು, ತೊಳೆಯಬಾರದು. ಮೊದಲ ಐದು ನಿಮಿಷ ಹಣೆಯಲ್ಲಿ ಬೆವರು, ಕಣ್ಣೆಲ್ಲ ವಾಷ್ ಬೇಸಿನ್ ಕಡೆಗೆ. "ಈಗ ಎಷ್ಟು?" ಎಂದರೆ "ಅರವತ್ತು." ಸ್ವಲ್ಪ ಹೊತ್ತಿಗೆ ಐವತ್ತು. ಅರ್ಧ ಗಂಟೆಯಾದ ಮೇಲೆ ಅವರೇ ಕೈ ಬಿಡಿಸಿ ನೋಟನ್ನು ತಿರುಗಿಸಿ ನೋಡಿ "ಇಪ್ಪತ್ತಿರಬೋದು ಮೇಡಂ" ಎಂದರು. ಔಷಧಿ ಭಯವನ್ನು ಕುರ್ಚಿ ಬಿಟ್ಟು ಏಳದಷ್ಟು ತಗ್ಗಿಸಿತ್ತು. ಉಳಿದದ್ದನ್ನು ಕೂತೇ ಗೆದ್ದರು. ಗಂಡನಿಗೆ ಕೊಟ್ಟ ಹೋಂವರ್ಕ್ ಇದಕ್ಕಿಂತ ಕಷ್ಟದ್ದು: ಹೊರಗಿಂದ ಬಂದವರು ನೇರ ಅಡುಗೆಮನೆಗೆ ಹೋಗಿ ನೀರು ಕುಡಿಯಬೇಕು, ಹೆಂಡತಿ ಅತ್ತರೂ ಸ್ನಾನಕ್ಕೆ ಹೋಗಬಾರದು. ಗೀಳಿಗೆ ಮಣಿಯುತ್ತ ಹೋಗುವ ಮನೆಯವರ ಪ್ರೀತಿಯೇ ಗೀಳನ್ನು ಸಾಕುತ್ತದೆ.

6. ಮೂರನೇ ಮಾತ್ರೆಗೆ ಮುಂಚೆ ಮಾತನ್ನು ಸೇರಿಸಿ

ಅರ್ಧ ಗುಣವಾದಾಗ ಇನ್ನೊಂದು ಮಾತ್ರೆ ಸೇರಿಸುವುದು ನಮ್ಮ ವೃತ್ತಿಯ ಚಾಳಿ. ಸೇರಿಸಲು ಒಂದು ನಿಮಿಷ ಸಾಕು, ಥೆರಪಿಗೆ ಮುಕ್ಕಾಲು ಗಂಟೆ ಬೇಕು. ಆದರೆ ಪುರಾವೆ ಬೇರೆಯದನ್ನೇ ಹೇಳುತ್ತದೆ. 2013ರಲ್ಲಿ ಅಮೆರಿಕದಲ್ಲಿ ಹೆಲೆನ್ ಬ್ಲೇರ್ ಸಿಂಪ್ಸನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಗೀಳಿನ ಮಾತ್ರೆಯಿಂದ ಪೂರ್ತಿ ಗುಣವಾಗದವರಿಗೆ ಮೇಲೆ ಹೇಳಿದ ಬಗೆಯ ಥೆರಪಿ ಸೇರಿಸಿದಾಗ 80% ಮಂದಿ ಸುಧಾರಿಸಿದರು. ರಿಸ್ಪೆರಿಡೋನ್ ಮಾತ್ರೆ ಸೇರಿಸಿದಾಗ 23%. ಖಿನ್ನತೆಯಲ್ಲೂ ಹೀಗೆಯೇ. 2012ರ ಬ್ರಿಟನ್ನಿನ ಕೋಬಾಲ್ಟ್ ಅಧ್ಯಯನದಲ್ಲಿ ಮಾತ್ರೆಗೆ ಬಗ್ಗದವರಿಗೆ ಸಿಬಿಟಿ ಎಂಬ, ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಮಾತಿನ ಚಿಕಿತ್ಸೆ ಸೇರಿಸಿದಾಗ ಆರು ತಿಂಗಳಿಗೆ 46% ಮಂದಿಯಲ್ಲಿ ಲಕ್ಷಣಗಳು ಅರ್ಧಕ್ಕಿಂತ ಕೆಳಗಿಳಿದವು, ಸೇರಿಸದವರಲ್ಲಿ 22%.

7. ಕಾಫಿಯಲ್ಲಿ ಮಾತ್ರೆ ಬೆರೆಸಬೇಡಿ

ಸ್ಕಿಜೋಫ್ರೇನಿಯಾ ಇರುವವರ ತಾಯಂದಿರು ಬಾಗಿಲು ಮುಂದೆ ಮಾಡಿ ಪಿಸುಮಾತಿನಲ್ಲಿ ಹೇಳುವುದು ಇದು: "ಗೊತ್ತಾದ್ರೆ ತಗೊಳಲ್ಲ ಸರ್, ಅದ್ಕೇ ಕಾಫಿಗೆ ಹಾಕ್ತೀನಿ." ಆ ತಾಯಿಯ ಸಂಕಟ ನನಗೆ ಅರ್ಥವಾಗುತ್ತದೆ. ಬೈಯುವುದಿಲ್ಲ. ಆದರೆ ನಡೆಯುತ್ತಿರುವುದೇನೆಂದು ಬಿಡಿಸಿ ಹೇಳುತ್ತೇನೆ. ಊಟದಲ್ಲಿ ಏನೋ ಹಾಕುತ್ತಾರೆ ಎಂಬುದೇ ಮಗನ ಸಂಶಯ. ಒಂದು ದಿನ ಲೋಟದ ತಳದಲ್ಲಿ ಬಿಳಿ ಪುಡಿ ಕಂಡರೆ ಅವನ ಸಂಶಯಕ್ಕೆ ಸಾಕ್ಷಿ ಸಿಕ್ಕಿತು. ಆಮೇಲೆ ಯಾವ ಮಾತಿನ ಚಿಕಿತ್ಸೆಗೂ ನೆಲವಿರುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ತಿಳಿವಳಿಕೆಯ ಒಪ್ಪಿಗೆಯನ್ನು ರೋಗಿಯ ಹಕ್ಕೆಂದಿದೆ. ತೀರಾ ಕೆಟ್ಟ ಸ್ಥಿತಿಯಲ್ಲಿ ಆತನ ನಾಮನಿರ್ದೇಶಿತ ಪ್ರತಿನಿಧಿಯ ಮೂಲಕ ಆಸ್ಪತ್ರೆಗೆ ಸೇರಿಸುವ ದಾರಿಯನ್ನೂ ತೆರೆದಿಟ್ಟಿದೆ.

ಒಪ್ಪಂದಕ್ಕೆ ಎಲ್ಲಾದರೂ ಒಂದು ತುದಿ ಸಿಗುತ್ತದೆ. ದನಿ ಕೇಳುತ್ತದೆ ಎಂಬುದನ್ನು ಕಾಯಿಲೆ ಎಂದು ಒಪ್ಪದವನು "ರಾತ್ರಿ ನಿದ್ದೆ ಬರಲ್ಲ" ಎಂಬುದನ್ನು ಒಪ್ಪುತ್ತಾನೆ. ಹಾಗಾದರೆ ನಿದ್ದೆಯಿಂದಲೇ ಶುರು. ಮಾತ್ರೆ ಏಕೆ ಬೇಡ ಎಂದು ಕೇಳಿದರೆ ಕೈಕಾಲು ಬಿಗಿಯುತ್ತದೆ, ಜೊಲ್ಲು ಸುರಿಯುತ್ತದೆ, ಹೊಟ್ಟೆ ಬೆಳೆಯುತ್ತಿದೆ ಎಂಬ ನ್ಯಾಯವಾದ ದೂರುಗಳಿರುತ್ತವೆ. ಅವನ್ನು ಸರಿಪಡಿಸಿದರೆ ಅರ್ಧ ಜಗಳ ಮುಗಿಯಿತು. ದಿನಾ ನುಂಗುವುದೇ ತಾಪತ್ರಯವಾದರೆ ಅವನಿಗೆ ತಿಳಿಸಿ, ಅವನ ಒಪ್ಪಿಗೆಯಿಂದ ತಿಂಗಳಿಗೊಮ್ಮೆ ಇಂಜೆಕ್ಷನ್.

ಮಾತಿನ ಚಿಕಿತ್ಸೆಯ ಇನ್ನೊಂದು ಭಾಗ ನಡೆಯಬೇಕಾದದ್ದು ಮನೆಯವರ ಜೊತೆ. ಟೀಕೆ, ಹಂಗಿಸುವಿಕೆ ಹೆಚ್ಚಿರುವ ಮನೆಗಳಲ್ಲಿ ಈ ಕಾಯಿಲೆ ಬೇಗ ಮರುಕಳಿಸುತ್ತದೆ ಎಂದು ಲಂಡನ್ನಿನ ಅಧ್ಯಯನಗಳು ತೋರಿಸಿದ್ದವು. ಆಮೇಲೆ ಚಂಡೀಗಢದಲ್ಲಿ ನೋಡಿದಾಗ ನಮ್ಮ ಮನೆಗಳಲ್ಲಿ ಅಂಥ ಟೀಕೆ ಲಂಡನ್ನಿಗಿಂತ ಕಡಿಮೆ ಎಂದು ಗೊತ್ತಾಯಿತು. ಆ ಬಂಡವಾಳವನ್ನು ಬಳಸಿಕೊಳ್ಳಬೇಕು. 1950ರ ದಶಕದಲ್ಲೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ರೋಗಿಗಳ ಬಂಧುಗಳಿಗೆ ಆವರಣದಲ್ಲಿ ಡೇರೆ ಹಾಕಿಕೊಟ್ಟು ಚಿಕಿತ್ಸೆಯಲ್ಲಿ ಸೇರಿಸಿಕೊಂಡಿದ್ದರು. "ಸೋಮಾರಿ, ಎದ್ದೇಳು" ಎನ್ನುವ ಅಪ್ಪನಿಗೆ, ಈ ಏಳಲಾಗದಿರುವಿಕೆಯೂ ಕಾಯಿಲೆಯ ಲಕ್ಷಣ ಎಂದು ಅರ್ಥಮಾಡಿಸಿದ ಒಂದು ಭೇಟಿ ಹೊಸ ಮಾತ್ರೆಯಷ್ಟೇ ಬೆಲೆಯುಳ್ಳದ್ದು.

8. ಜೀನ್ ಪರೀಕ್ಷೆಗೆ ಮುಂಚೆ ದಿನಚರಿ ಕೇಳಿ

ವ್ಯಕ್ತಿಗೆ ತಕ್ಕ ಚಿಕಿತ್ಸೆ ಎಂದ ಕೂಡಲೇ ಬೆಂಗಳೂರಿನಲ್ಲಿ ಮಕ್ಕಳಿರುವವರು ಜೀನ್ ಪರೀಕ್ಷೆಯ ವರದಿ ಹಿಡಿದು ಬರುತ್ತಾರೆ. ಅದರಲ್ಲಿ ಹುರುಳಿಲ್ಲವೆಂದಲ್ಲ. ಸಿವೈಪಿ2ಸಿ19 ಎಂಬ ಕಿಣ್ವ ನಿಧಾನವಿರುವವರಲ್ಲಿ ಎಸಿಟಾಲೋಪ್ರಾಮ್ ರಕ್ತದಲ್ಲಿ ಹೆಚ್ಚು ಉಳಿಯುತ್ತದೆ. ಏಷ್ಯಾದ ಹಲವು ಜನಸಮುದಾಯಗಳಲ್ಲಿ ಎಚ್‌ಎಲ್‌ಎ-ಬಿ*15:02 ಎಂಬ ಜೀನ್ ಬಗೆ ಇರುವವರಿಗೆ ಕಾರ್ಬಮಜೆಪಿನ್‌ನಿಂದ ಜೀವಕ್ಕೇ ಎರವಾಗುವ ಚರ್ಮದ ತೊಂದರೆ ಬರಬಹುದು. ಆದರೆ ನಿಮ್ಮ ಖಿನ್ನತೆಗೆ ಇದೇ ಮಾತ್ರೆ ಎಂದು ಬೆರಳು ತೋರಿಸುವ ಶಕ್ತಿ ಆ ವರದಿಗೆ ಇನ್ನೂ ಬಂದಿಲ್ಲ.

ಪ್ರಶ್ನೆ ಕೇಳಿ ತಿಳಿಯುವುದೇ ಹೆಚ್ಚು ಕೆಲಸಕ್ಕೆ ಬರುತ್ತದೆ. ಅಣ್ಣನಿಗೆ ಇದೇ ಕಾಯಿಲೆಗೆ ಯಾವ ಮಾತ್ರೆ ಹಿಡಿಯಿತು? ರಾತ್ರಿ ಲಾರಿ ಓಡಿಸುತ್ತೀರಾ? ಹಾಗಾದರೆ ಮಂಪರು ತರಿಸುವುದು ಬೇಡ. ಸಕ್ಕರೆ ಕಾಯಿಲೆ ಇದೆಯೇ? ಒಲಾಂಜಪಿನ್ ಬರೆಯುವ ಮುನ್ನ ಎರಡು ಸಲ ಯೋಚಿಸಬೇಕು. ಮುಂದೆ ಮಕ್ಕಳಾಗುವ ವಯಸ್ಸಿನ ಹೆಣ್ಣುಮಗಳೇ? ವಾಲ್ಪ್ರೊಯೇಟ್ ಗರ್ಭದ ಮಗುವಿನ ಬೆನ್ನುಹುರಿಗೂ ಬುದ್ಧಿ ಬೆಳವಣಿಗೆಗೂ ಕೆಡುಕು, ಬೇರೆಯದನ್ನು ಹುಡುಕಬೇಕು.

ಲಿಥಿಯಂ ವಿಷಯದಲ್ಲಂತೂ ಕಸುಬು, ಋತು, ವ್ರತ ಎಲ್ಲ ಲೆಕ್ಕಕ್ಕೆ ಬರುತ್ತವೆ. ಬೈಪೋಲಾರ್‌ಗೆ ಅದರಷ್ಟು ಹಳೆಯ, ನಂಬಿಕೆಯ ಔಷಧಿ ಇನ್ನೊಂದಿಲ್ಲ. ರಕ್ತದಲ್ಲಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಒಳಗಿದ್ದರೆ ಮದ್ದು, ಅದರಾಚೆ ಹೋಗುತ್ತ ವಿಷ. ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ಬೆವರುತ್ತ ಕೂಲಿ ಮಾಡುವವರು, ನೀರೂ ಕುಡಿಯದೆ ಏಕಾದಶಿ ಅಥವಾ ರೋಜಾ ಹಿಡಿಯುವವರು, ಸೊಂಟನೋವಿಗೆ ಮೆಡಿಕಲ್ ಶಾಪಿನಿಂದ ಡೈಕ್ಲೊಫೆನಾಕ್ ತಂದು ನುಂಗುವವರು, ಇವರೆಲ್ಲರಲ್ಲೂ ಮಟ್ಟ ಸದ್ದಿಲ್ಲದೆ ಏರಬಹುದು. ಕೈನಡುಕ, ವಾಂತಿ, ಭೇದಿ, ತೂರಾಟ ಕಂಡರೆ ಮಾತ್ರೆ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಬನ್ನಿ ಎಂದು ಮನೆಯವರಿಂದ ಬಾಯಿಪಾಠ ಹೇಳಿಸುತ್ತೇನೆ.

9. ಚಿಕಿತ್ಸಕರು ಇಬ್ಬರಿದ್ದರೂ ಕಡತ ಒಂದೇ ಇರಲಿ

ಔಷಧಿ ಬರೆಯುವವರು ಒಬ್ಬರು, ಮಾತಾಡಿಸುವವರು ಇನ್ನೊಬ್ಬರು ಆದಾಗ ರೋಗಿ ಇಬ್ಬರಿಗೂ ಒಂದೇ ಕಥೆ ಹೇಳುವುದಿಲ್ಲ. ಲೈಂಗಿಕ ತೊಂದರೆಯಿಂದ ಮಾತ್ರೆ ಬಿಟ್ಟದ್ದನ್ನು ಥೆರಪಿಸ್ಟ್‌ಗೆ ಹೇಳಿ ವೈದ್ಯರೆದುರು "ತಗೋತಿದೀನಿ ಸರ್" ಎನ್ನುವವರಿದ್ದಾರೆ. ಕೆಲವು ಔಷಧಿಗಳಿಂದ ಕೂತಲ್ಲಿ ಕೂರಲಾಗದ ಚಡಪಡಿಕೆ ಬರುತ್ತದೆ. ಥೆರಪಿಸ್ಟ್‌ಗೆ ಆ ಔಷಧಿ ಬದಲಾದದ್ದೇ ತಿಳಿದಿರದಿದ್ದರೆ ಅದನ್ನು ಆತಂಕವೆಂದೇ ಎಣಿಸಿ ಉಸಿರಾಟದ ಅಭ್ಯಾಸ ಹೇಳಿಕೊಡುತ್ತಾರೆ. ಅತ್ತ ವೈದ್ಯನೂ ಕಾಯಿಲೆ ಹೆಚ್ಚಾಯಿತೆಂದು ಅದೇ ಔಷಧಿಯನ್ನು ಏರಿಸಿದರೆ ರೋಗಿಯ ಗತಿಯೇನು? ನಾನು ಮತ್ತು ನಮ್ಮ ಮನಶ್ಶಾಸ್ತ್ರಜ್ಞೆ ವಾರಕ್ಕೊಮ್ಮೆ ಚಹಾದ ಹೊತ್ತಿನಲ್ಲಿ ಕಡತಗಳನ್ನು ಮುಂದಿಟ್ಟುಕೊಂಡು ಕೂರುತ್ತೇವೆ. ಏನನ್ನು ಹಂಚಿಕೊಳ್ಳುತ್ತೇವೆ, ಏನನ್ನು ಇಲ್ಲ ಎಂದು ರೋಗಿಗೆ ಮೊದಲ ದಿನವೇ ತಿಳಿಸಿ ಒಪ್ಪಿಗೆ ಪಡೆದಿರುತ್ತೇವೆ.

10. ಥೆರಪಿಸ್ಟ್ ಇಲ್ಲದ ಊರಲ್ಲೂ ಥೆರಪಿ ಉಂಟು

ಇಷ್ಟೆಲ್ಲ ಓದಿದ ತಾಲ್ಲೂಕಿನ ವೈದ್ಯರು "ನಮ್ಮಲ್ಲಿ ಮನಶ್ಶಾಸ್ತ್ರಜ್ಞರು ಎಲ್ಲಿದ್ದಾರೆ?" ಎಂದು ನಗಬಹುದು. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಬೇರೆ ಬೇರೆ ಕಾಯಿಲೆಗಳಲ್ಲಿ 70ರಿಂದ 92% ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಆದರೆ ಈ ಕೊರತೆಗೆ ದಾರಿ ಹುಡುಕಿದ್ದೂ ನಮ್ಮ ನೆಲದಲ್ಲೇ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಇವತ್ತು ಟೆಲಿ ಮಾನಸ್‌ನ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ ಕನ್ನಡದಲ್ಲಿ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಹತ್ತು ನಿಮಿಷದ ಭೇಟಿಯಲ್ಲೂ ಮೂರು ಕೆಲಸ ಸಾಧ್ಯ: ಕಳೆದ ಸಲ ಹೇಳಿದ ಒಂದು ಸಣ್ಣ ಕೆಲಸ ಆಯಿತೇ ಎಂದು ಕೇಳುವುದು, ಆಗದಿದ್ದರೆ ಅಡ್ಡಿ ಏನೆಂದು ತಿಳಿಯುವುದು, ಮುಂದಿನ ಸಲಕ್ಕೆ ಒಂದೇ ಒಂದನ್ನು ಗೊತ್ತುಮಾಡುವುದು. ಪುರಾಣ ಕೇಳುವ, ಭಜನೆಗೆ ಹೋಗುವ, ದರ್ಗಾಕ್ಕೆ ನಡೆಯುವ ರೂಢಿ ಇದ್ದರೆ ಅದನ್ನೂ ಈ ಪಟ್ಟಿಗೆ ಸೇರಿಸಿಕೊಳ್ಳುತ್ತೇನೆ. ಮಾತ್ರೆ ಬಿಡಿಸುವ, ಹೊಡೆಯುವ, ಕಟ್ಟಿಹಾಕುವ ಜಾಗಗಳಿಗೆ ಮಾತ್ರ ಖಡಾಖಂಡಿತ ಬೇಡ.

11. ನಿಲ್ಲಿಸುವ ಮಾತು ಮೊದಲ ದಿನವೇ ಆಡಿ

"ಇದನ್ನ ಜೀವನಪೂರ್ತಿ ತಗೋಬೇಕಾ?" ಎಂಬ ಭಯದಿಂದಲೇ ಅನೇಕರು ಎರಡನೇ ತಿಂಗಳಿಗೆ ಮಾತ್ರೆ ಬಿಡುತ್ತಾರೆ. ಮೊದಲ ಸಲದ ಖಿನ್ನತೆಯಾದರೆ ಪೂರ್ತಿ ಗುಣವಾದ ಮೇಲೂ ಆರರಿಂದ ಒಂಬತ್ತು ತಿಂಗಳು ಮುಂದುವರಿಸಿ, ಆಮೇಲೆ ನಿಧಾನವಾಗಿ ಇಳಿಸುತ್ತೇವೆ. ಮತ್ತೆ ಮತ್ತೆ ಬಂದಿದ್ದರೆ ವರ್ಷಗಳು ಬೇಕು. ಬೈಪೋಲಾರ್, ಸ್ಕಿಜೋಫ್ರೇನಿಯಾಗಳ ಲೆಕ್ಕ ಬೇರೆ, ಅಲ್ಲಿ ದೀರ್ಘಕಾಲದ ಔಷಧಿಯೇ ರಕ್ಷೆ.

ಇಳಿಸುವ ಮುಂಚಿನ ತಿಂಗಳುಗಳಲ್ಲಿ ಮಾತಿನ ಚಿಕಿತ್ಸೆಯನ್ನು ಬಿಗಿ ಮಾಡಬೇಕು. ಖಿನ್ನತೆ ಮರಳುವಾಗ ಮೊದಲು ಏನು ಕೆಡುತ್ತದೆ? ಒಬ್ಬರಿಗೆ ನಿದ್ದೆ, ಇನ್ನೊಬ್ಬರಿಗೆ ಫೋನ್ ಎತ್ತುವ ಮನಸ್ಸು. ಅದನ್ನು ರೋಗಿಯೇ ಗುರುತಿಸಿ ಬರೆದಿಟ್ಟುಕೊಂಡಿರಬೇಕು. ಬ್ರಿಟನ್ನಿನಲ್ಲಿ 2015ರಲ್ಲಿ ಪ್ರಕಟವಾದ ಪ್ರಿವೆಂಟ್ ಅಧ್ಯಯನದಲ್ಲಿ, ಧ್ಯಾನಾಧಾರಿತ ಥೆರಪಿ ಪಡೆದು ಮಾತ್ರೆ ಇಳಿಸಿದವರಲ್ಲಿ ಎರಡು ವರ್ಷದೊಳಗೆ ಖಿನ್ನತೆ ಮರಳಿದ್ದು 44% ಮಂದಿಗೆ, ಮಾತ್ರೆ ಮುಂದುವರಿಸಿದವರಲ್ಲಿ 47%. ಥೆರಪಿ ಮಾತ್ರೆಯನ್ನು ಸೋಲಿಸಲಿಲ್ಲ, ಆದರೆ ಮಾತ್ರೆ ಬಿಡಬಯಸುವವರಿಗೆ ಇನ್ನೊಂದು ದಾರಿಯಿದೆ ಎಂದು ತೋರಿಸಿತು.

ಇಳಿಸುವಾಗ ತಲೆಸುತ್ತು, ಕರೆಂಟು ಹೊಡೆದಂಥ ಜುಮ್ಮು, ಸಿಡುಕು ಕೆಲವೇ ದಿನಗಳಲ್ಲಿ ಕಂಡರೆ ಅದು ಹೆಚ್ಚಾಗಿ ಮಾತ್ರೆ ಇಳಿದದ್ದರ ಪರಿಣಾಮ. ವಾರಗಳು ಕಳೆದ ಮೇಲೆ ಹಳೆಯ ಬೇಸರ ನಿಧಾನವಾಗಿ ಆವರಿಸಿದರೆ ಕಾಯಿಲೆ ಮರಳುತ್ತಿದೆ. ಮಗಳ ಮದುವೆ, ಪರೀಕ್ಷೆ, ಸುಗ್ಗಿಯ ಹೊತ್ತಿನಲ್ಲಿ ಇಳಿಸಲು ಹೊರಡಬೇಡಿ.

ಇಷ್ಟನ್ನು ವೈದ್ಯರಿಗಾಗಿ ಬರೆದೆನಾದರೂ ಬಳಸಿಕೊಳ್ಳಬೇಕಾದವರು ರೋಗಿಗಳು ಮತ್ತು ಅವರ ಮನೆಯವರು. ಮುಂದಿನ ಭೇಟಿಗೆ ಹೋಗುವಾಗ ನಾಲ್ಕು ಪ್ರಶ್ನೆ ಬರೆದುಕೊಂಡು ಹೋಗಿ. ಈ ಮಾತ್ರೆ ಯಾವ ತೊಂದರೆಗೆ? ಎಷ್ಟು ದಿನದಲ್ಲಿ ಫಲ ನೋಡಬೇಕು? ಮಾತ್ರೆಯಿಂದ ಆಗದ ಯಾವ ಕೆಲಸಕ್ಕೆ ಮಾತಿನ ಚಿಕಿತ್ಸೆ ಬೇಕು, ಅದನ್ನು ಯಾರು ಮಾಡುತ್ತಾರೆ? ನಿಲ್ಲಿಸುವುದು ಯಾವಾಗ, ಹೇಗೆ? ಉತ್ತರ ಕೊಡಲು ವೈದ್ಯರಿಗೆ ಐದು ನಿಮಿಷ ಹೆಚ್ಚು ಹಿಡಿಯಬಹುದು, ಹೊರಗೆ ಸಾಲಿನಲ್ಲಿರುವವರು ಗೊಣಗಬಹುದು. ಪರವಾಗಿಲ್ಲ, ಕೇಳಿ.